ನೋಡಿಕೊಂಡವರಿಗೆ

ಆ ಬೀದಿಯವರು ಫೋಟೋಗೆ ಕಟ್ಟು ಹಾಕಿಸಬೇಕೆಂದರೆ ಹೋಗುತ್ತಿದ್ದದ್ದು ಒಂದೇ ಅಂಗಡಿಗೆ. ಮದುವೆಯ ಫೋಟೋ, ಮಕ್ಕಳು ಬಹುಮಾನ ತೆಗೆದುಕೊಳ್ಳುತ್ತಿರುವ ಫೋಟೋ, ಎಲ್ಲಕ್ಕಿಂತ ಹೆಚ್ಚಾಗಿ ತೀರಿಕೊಂಡವರ ಫೋಟೋ. ಅಂಗಡಿಯ ಯಜಮಾನರು ಅಂಥ ಫೋಟೋವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಂದವರು ಕಣ್ಣು ಒರೆಸಿಕೊಳ್ಳುವವರೆಗೆ ಕಾದು, ಆಮೇಲೆ ಯಾವ ಬಣ್ಣದ ಮರದ ಪಟ್ಟಿ ಬೇಕೆಂದು ಕೇಳುತ್ತಿದ್ದರು. ಊರಿನ ಸಾವಿಗೆಲ್ಲ ಚೌಕಟ್ಟು ಹೊಂದಿಸಿದ ಆ ಮನುಷ್ಯ, ತಮ್ಮ ಸಾವಿನ ಮಾತು ಬಂದರೆ ಮಾತ್ರ ಎದ್ದು ಹೋಗಿ ಗಾಜು ಒರೆಸಲು ತೊಡಗುತ್ತಿದ್ದರು.

ಗಾಜು ಕತ್ತರಿಸುವ ಮೇಜಿನ ಮುಂದೆ ನಿಲ್ಲುತ್ತಿದ್ದವಳು ಮರಿ. ಅವಳು ಆ ಮನೆಯಲ್ಲಿ ಹುಟ್ಟಿದವಳಲ್ಲ. ಯಜಮಾನರ ಗೆಳೆಯರೊಬ್ಬರು ಹೆಂಡತಿಯ ಸಮೇತ ಅಪಘಾತದಲ್ಲಿ ತೀರಿಕೊಂಡಾಗ, ಇನ್ನೂ ನಡೆಯಲು ಬಾರದ ಅವರ ಕೂಸನ್ನು ಯಜಮಾನರ ಹೆಂಡತಿ ಎತ್ತಿಕೊಂಡು ಬಂದಿದ್ದರು. ದತ್ತು, ಕಾಗದ, ರುಜು ಎಂದು ಯಾರೂ ಯೋಚಿಸಲಿಲ್ಲ. “ಕೂಸಿಗೆ ಹಾಲು ಕುಡಿಸೋಕೂ ಅರ್ಜಿ ಹಾಕ್ಬೇಕಾ?” ಎಂದು ಅಮ್ಮ ಕೇಳಿದ್ದರಂತೆ. ಮರಿ ಎಂದು ಕರೆದರು. ಶಾಲೆಯ ಹೆಸರು ಶಾಲೆಯಲ್ಲೇ ಉಳಿಯಿತು. ನಲವತ್ತು ಹತ್ತಿರವಾದರೂ, ಮೂಗಿನ ಮೇಲೆ ಕನ್ನಡಕ ಬಂದು ಕೂತರೂ, ಬೀದಿಗೆಲ್ಲ ಅವಳು ಮರಿಯೇ. ಯಜಮಾನರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಇಬ್ಬರು. ಅಕ್ಕ ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಳು. ಅಣ್ಣ ಸರಕು ಸಾಗಣೆಯ ಕಚೇರಿಯೊಂದರಲ್ಲಿ ವ್ಯವಸ್ಥಾಪಕ. ಇಬ್ಬರಿಗೂ ಅಂಗಡಿಯ ಗೋಜು ಬೇಕಿರಲಿಲ್ಲ. ಮರದ ಪುಡಿಗೆ ಅಕ್ಕನಿಗೆ ಸೀನು ಬರುತ್ತಿತ್ತು, ಅಣ್ಣನಿಗೆ ಬೇಸರ ಬರುತ್ತಿತ್ತು.

ಆ ಮನೆತನದಲ್ಲಿ ಒಂದು ಪದ್ಧತಿ ನಡೆದುಬಂದಿತ್ತು. ಗಟ್ಟಿಮುಟ್ಟಾಗಿರುವವರು ಉಯಿಲಿನ ಮಾತೆತ್ತಬಾರದು. ಎತ್ತಿದರೆ ಸಾವಿಗೆ ಬಾಗಿಲು ತೆರೆದಿಟ್ಟ ಹಾಗೆ. ಹಾಸಿಗೆ ಹಿಡಿದ ಮೇಲೆ ಮನೆತನದ ಹಿರಿಯ ಗಂಡಸು ಬಂದು, ಪಕ್ಕದಲ್ಲಿ ಕೂತು, ತನ್ನ ಕೈಯಾರೆ ಬರೆದುಕೊಡಬೇಕು. ವಕೀಲರ ಮೆಟ್ಟಿಲು ಹತ್ತುವುದೆಂದರೆ ಒಡಹುಟ್ಟಿದವರ ಮೇಲೆ ನಂಬಿಕೆಯಿಲ್ಲ ಎಂದು ಬೀದಿಯಲ್ಲಿ ನಿಂತು ಕೂಗಿದಂತೆ. ಆ ಹಿರಿಯ ಗಂಡಸು ಎಂದರೆ ಯಜಮಾನರ ಅಣ್ಣ, ಎಲ್ಲರ ಪಾಲಿಗೆ ದೊಡ್ಡಪ್ಪ. ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಅಕ್ಷರ ಮುತ್ತು ಪೋಣಿಸಿದಂತಿತ್ತು. ಬಳಗದಲ್ಲಿ ಯಾರು ಹಾಸಿಗೆ ಹಿಡಿದರೂ ಮೊದಲು ವೈದ್ಯರು ಬರುತ್ತಿದ್ದರು, ಆಮೇಲೆ ದೊಡ್ಡಪ್ಪನ ಪೆನ್ನು.

ಯಜಮಾನರಿಗೆ ಪಾರ್ಶ್ವವಾಯು ಹೊಡೆದು ಒಂದು ಮಗ್ಗುಲು ಸೋತುಹೋದಾಗಲೂ ಹಾಗೆಯೇ ಆಯಿತು. ದೊಡ್ಡಪ್ಪ ಬಂದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡರು. ಮರಿ ತಲೆದಿಂಬು ಸರಿಪಡಿಸುತ್ತಿದ್ದಳು.

“ಅಂಗಡಿ… ಮರಿಗೆ,” ಎಂದರು ಯಜಮಾನರು. ಬಾಯಿ ವಾಲಿತ್ತು, ಮಾತು ವಾಲಿರಲಿಲ್ಲ.

“ಅರ್ಥ ಆಯ್ತು ತಮ್ಮ. ನೀನು ಆಯಾಸ ಮಾಡ್ಕೋಬೇಡ,” ಎಂದು ದೊಡ್ಡಪ್ಪ ಬರೆಯುತ್ತಾ ಹೋದರು. ಹಾಳೆ ತುಂಬಿತು.

ಅಮ್ಮ ಅಂಜುತ್ತಲೇ ಕೇಳಿದರು. “ಭಾವ, ಮರಿ ಹೆಸರು ಹಾಕಿದೀರಲ್ವಾ?”

“ಹೆಸರು ಹಾಕಿದ್ರೆ ಉಳಿದಿಬ್ಬರ ಮನಸ್ಸು ನೋಯಲ್ವೇನಮ್ಮ? ಉಯಿಲು ಅಂದ್ರೆ ದಿನಸಿ ಚೀಟಿ ಅಲ್ಲ. ಓದಿದವರ ಕಣ್ಣಲ್ಲಿ ನೀರು ಬರಬೇಕು.”

ಯಜಮಾನರು ಎಡಗೈಯಲ್ಲಿ ರುಜು ಹಾಕಿದರು. ಕೆಲವು ತಿಂಗಳ ಮೇಲೆ ತೀರಿಕೊಂಡರು. ಎಲ್ಲರೂ ಸೇರಿದ ದಿನ ದೊಡ್ಡಪ್ಪ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದರು: “ನನ್ನ ಬಾಳಿನ ಸಂಜೆಯಲ್ಲಿ ನನ್ನನ್ನು ಕಣ್ಣರೆಪ್ಪೆಯಂತೆ ನೋಡಿಕೊಂಡವರಿಗೆ ನನ್ನ ದುಡಿಮೆಯ ಫಲವು ಸಲ್ಲತಕ್ಕದ್ದು.”

ನಿಜವಾಗಿಯೂ ಎಲ್ಲರ ಕಣ್ಣಲ್ಲೂ ನೀರು ಬಂತು. ಒರೆಸಿಕೊಂಡ ಮೇಲೆ ಜಗಳ ಶುರುವಾಯಿತು.

ಅಣ್ಣ ಹೇಳಿದ: “ಆಸ್ಪತ್ರೆ, ಔಷಧಿ, ದೊಡ್ಡ ಡಾಕ್ಟರು, ಎಲ್ಲಾ ನೋಡಿಕೊಂಡಿದ್ದು ನಾನು.” ಸುಳ್ಳಲ್ಲ. ಅಕ್ಕ ಹೇಳಿದಳು: “ವಾರ ವಾರ ಬಂದು ಸ್ನಾನ ಮಾಡಿಸಿ, ಉಗುರು ತೆಗೆದು ಹೋಗ್ತಿದ್ದೆನಲ್ಲ, ಅದು ನೋಡಿಕೊಂಡಿದ್ದಲ್ವಾ?” ಅದೂ ಸುಳ್ಳಲ್ಲ. ಮರಿ ಎಲ್ಲರಿಗೂ ಚಹಾ ತರಲು ಒಳಗೆ ಹೋದಳು. ಅವಳು ಬೆಳಗ್ಗೆ ಎಬ್ಬಿಸಿ ಹಾಲು ಕುಡಿಸಿದವಳು, ಬೆನ್ನು ಹುಣ್ಣಾಗದಂತೆ ಹೊತ್ತು ಹೊತ್ತಿಗೆ ಮಗ್ಗುಲು ತಿರುಗಿಸಿದವಳು, ನಡುವೆ ಓಡಿಹೋಗಿ ಅಂಗಡಿ ನಡೆಸಿದವಳು. ಇನ್ನು ‘ದುಡಿಮೆಯ ಫಲ’ವೆಂದರೆ ಅಂಗಡಿಯೋ, ಮನೆಯೋ, ಎರಡೂ ಹೌದೋ ಎಂಬುದು ಇನ್ನೊಂದು ಗಂಟು. ದೊಡ್ಡಪ್ಪ ಕೈ ಚೆಲ್ಲಿ, “ಅವನ ಮನಸ್ಸಲ್ಲಿ ಇದ್ದದ್ದು ಮರಿಗೆ ಅಂಗಡಿ ಅಂತ ಕಣ್ರೋ,” ಎಂದರು. “ಮನಸ್ಸಲ್ಲಿದ್ರೆ ಬರೀಬೇಕಿತ್ತು,” ಎಂದ ಅಣ್ಣ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು?

ವಿಷಯ ನ್ಯಾಯಾಲಯ ಹತ್ತಿತು. ತೀರ್ಪು ಬರುವವರೆಗೆ ಅಂಗಡಿಗೆ ಮೊಹರು ಬಿತ್ತು.

ಓದುಗರೇ, ಬೀಗ ಬಿದ್ದ ಅಂಗಡಿ ಎಂದರೆ ಬರೀ ಬಾಗಿಲಲ್ಲ. ಒಳಗೆ ಊರಿನವರ ಫೋಟೋಗಳಿದ್ದವು. ಒಬ್ಬ ಹೆಂಗಸು ತೀರಿಹೋದ ಮಗನ ಫೋಟೋ ಕೊಟ್ಟಿದ್ದಳು. ಅವಳ ಹತ್ತಿರ ಇದ್ದದ್ದು ಅದೊಂದೇ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವಳು ಅಂಗಡಿಯ ಮುಂದೆ ನಿಂತು, ಶಟರಿನ ಸಂದಿಗೆ ಕಣ್ಣಿಟ್ಟು, ಏನೂ ಕಾಣದೆ ಹೋಗುತ್ತಿದ್ದಳು. ಎದುರಿನ ಚೌಕಟ್ಟಿನ ಕಾರ್ಖಾನೆಯಲ್ಲಿ ದಿನಗೂಲಿಗೆ ಸೇರಿದ್ದ ಮರಿ ಅವಳನ್ನು ಕಂಡಾಗಲೆಲ್ಲ ತಲೆ ತಗ್ಗಿಸುತ್ತಿದ್ದಳು. ಮಳೆಗಾಲಕ್ಕೆ ಒಳಗಿನ ರಟ್ಟುಗಳಿಗೆ ಬೂಷ್ಟು ಹಿಡಿಯಿತು. ಮನೆಯಲ್ಲಿ ಅಣ್ಣನೂ ಅಕ್ಕನೂ ಒಬ್ಬರು ಬಂದರೆ ಇನ್ನೊಬ್ಬರು ಬಾರದಂತಾದರು. ಅಮ್ಮ ಎರಡು ಸಲ ಅಡುಗೆ ಮಾಡಿ, ಎರಡು ಸಲ ಬಡಿಸಿ, ತಾವು ಊಟ ಮಾಡುವುದನ್ನು ಮರೆಯುತ್ತಿದ್ದರು.

ವಿಚಾರಣೆಯಲ್ಲಿ ದೊಡ್ಡಪ್ಪನನ್ನು ಕಟಕಟೆಗೆ ಕರೆದರು. ಅಣ್ಣನ ಪರ ವಕೀಲರು ಕೇಳಿದರು: “‘ನೋಡಿಕೊಂಡವರಿಗೆ’ ಅಂತ ಬರೆದಿದ್ದೀರಿ. ಒಬ್ಬರಿಗೋ, ಹಲವರಿಗೋ?”

“ಒಬ್ಬಳಿಗೇ. ಮರಿಗೆ. ಗೌರವಕ್ಕೆ ಬಹುವಚನ ಹಾಕಿದೆ.”

“ನೀವು ಆಕೆಯನ್ನ ಹೇಗೆ ಕರೀತೀರಿ?”

“ಲೇ ಮರಿ, ಅಂತ.”

“ಬಾಯಲ್ಲಿ ‘ಲೇ’, ಉಯಿಲಿನಲ್ಲಿ ‘ಅವರು’. ಯಾವುದನ್ನ ನಂಬೋಣ?”

ನ್ಯಾಯಾಲಯದಲ್ಲಿ ನಗು ಎದ್ದಿತು. ದೊಡ್ಡಪ್ಪನ ಮುಖ ಬಿಳಿಚಿತು. ಅವರು ಜೀವಮಾನವಿಡೀ ಮಕ್ಕಳಿಗೆ ಏಕವಚನ ಬಹುವಚನ ಕಲಿಸಿದವರು.

ವರ್ಷಗಳು ಉರುಳಿ ಕಡೆಗೆ ತೀರ್ಪು ಬಂತು. ಬರಹದ ಅರ್ಥ ಖಚಿತವಿಲ್ಲ. ಆದ್ದರಿಂದ ಉಯಿಲು ಇದ್ದೂ ಇಲ್ಲದಂತೆ. ಕಾನೂನಿನ ಪ್ರಕಾರ ಹೆಂಡತಿಗೆ, ಮಗನಿಗೆ, ಮಗಳಿಗೆ ಪಾಲು. ಮನೆ ಅಣ್ಣನಿಗೂ ಅಕ್ಕನಿಗೂ ಹೋಯಿತು. ಅಂಗಡಿಯೂ ಅದರ ಮೇಲಿನ ಕೋಣೆಯೂ ಅಮ್ಮನ ಪಾಲಿಗೆ ಬಂದವು. ಸಾಕುಮಗಳೆಂಬ ಪದಕ್ಕೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಮರಿಯ ಪರ ವಾದಿಸಿದ್ದ ವಕೀಲೆ ಅವಳ ಭುಜ ಮುಟ್ಟಿ ಹೇಳಿದರು: “ನಿಮ್ಮ ತಂದೆ ಮನಸ್ಸು ಇಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಕಾಗದಕ್ಕೆ ಮಾತ್ರ ಗೊತ್ತಿರಲಿಲ್ಲ.”

ಆ ಮಾತನ್ನು ಮರಿಗಿಂತ ಹೆಚ್ಚಾಗಿ ಕೇಳಿಸಿಕೊಂಡವರು ಅಮ್ಮ.

ಮೊಹರು ಒಡೆದ ದಿನ ಮರಿ ಮೊದಲು ಹುಡುಕಿದ್ದು ಆ ಹುಡುಗನ ಫೋಟೋವನ್ನು. ಒಂದು ಮೂಲೆಗೆ ತೇವ ಹತ್ತಿತ್ತು, ಮುಖಕ್ಕೆ ಏನೂ ಆಗಿರಲಿಲ್ಲ. ತೇವದ ಮೂಲೆ ರಟ್ಟಿನ ಅಂಚಿನೊಳಗೆ ಮರೆಯಾಗುವಂತೆ ಕೂರಿಸಿ, ಕಟ್ಟು ಹಾಕಿ, ತಾನೇ ಹೋಗಿ ಕೊಟ್ಟು ಬಂದಳು. ಅಂಗಡಿ ಮತ್ತೆ ನಡೆಯತೊಡಗಿತು.

ಸ್ವಲ್ಪ ದಿನಕ್ಕೆ ದೊಡ್ಡಪ್ಪ ಅಂಗಡಿಗೆ ಬಂದರು. ಜೇಬಿನಲ್ಲಿ ಪೆನ್ನು ಇತ್ತು. ಅಮ್ಮ ಉಯಿಲು ಬರೆಸಲು ಓಡಾಡುತ್ತಿದ್ದಾರೆ ಎಂಬ ಸುದ್ದಿ ಅವರಿಗೆ ತಲುಪಿತ್ತು.

“ಏನಮ್ಮಾ, ಗುಂಡುಕಲ್ಲಿನ ಹಾಗೆ ಇದೀಯಾ, ಈಗ್ಯಾಕೆ ಈ ಅಪಶಕುನ? ಕಾಲ ಬಂದಾಗ ನಾನಿಲ್ವಾ? ಈ ಸಲ ಸರಳವಾಗಿ ಬರೀತೀನಿ. ‘ನನ್ನ ಮಕ್ಕಳಿಗೆ ಸೇರಬೇಕು’ ಅಂತ. ಮುಗೀತು.”

“ಮಕ್ಕಳು ಅಂದ್ರೆ ಮರಿಯೂ ಸೇರ್ತಾಳಾ ಭಾವ?”

“ನಮ್ಮೆಲ್ಲರಿಗೂ ಗೊತ್ತಲ್ಲ, ಸೇರ್ತಾಳೆ ಅಂತ.”

“ಹೋದ ಸಲವೂ ನಮ್ಮೆಲ್ಲರಿಗೂ ಗೊತ್ತಿತ್ತು.”

ದೊಡ್ಡಪ್ಪನಿಗೆ ಸಿಟ್ಟು ಬಂತು. “ಗಟ್ಟಿಯಾಗಿರೋವಾಗ ಉಯಿಲು ಬರೆಸಿದವರು ವರ್ಷ ತುಂಬಿಸಲ್ಲ. ನಮ್ಮ ಅತ್ತೆ ಹಾಗೇ ಮಾಡಿದ್ರು. ಆರು ತಿಂಗಳಿಗೆ ಹೋದ್ರು.”

“ಅವರಿಗೆ ತೊಂಬತ್ತು ದಾಟಿತ್ತಲ್ಲ ಭಾವ.”

“ವಕೀಲರ ಹತ್ರ ಹೋದ್ರೆ ನಾಲ್ಕು ಜನ ಏನಂತಾರೆ?”

ಅಮ್ಮ ಅದುವರೆಗೆ ಆ ಮನೆತನದಲ್ಲಿ ಯಾರ ಮಾತಿಗೂ ಎದುರಾಡಿದವರಲ್ಲ. ಭಾವನ ಮುಂದೆ ಕೂತವರೂ ಅಲ್ಲ. ಈಗ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. “ಅಂಗಡಿಗೆ ಬೀಗ ಬಿದ್ದಾಗ ಆ ನಾಲ್ಕು ಜನ ಬರಲಿಲ್ಲ. ಮಗನೂ ಮಗಳೂ ಮುಖ ತಿರುಗಿಸಿಕೊಂಡಾಗಲೂ ಬರಲಿಲ್ಲ. ಭಾವ, ನೀವು ಓದಿದವರು, ನಿಮ್ಮ ಮೇಲೆ ನನಗೆ ಗೌರವ ಇದೆ. ಆದ್ರೆ ಹಲ್ಲು ನೋವು ಬಂದ್ರೆ ನಾನು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೀತೀನಿ. ನಿಮ್ಮ ಅಕ್ಷರ ಚೆನ್ನಾಗಿದೆ ಅಂತ ನಿಮ್ಮ ಮುಂದೆ ತೆರೆಯಲ್ಲ. ಇದೂ ಹಾಗೇ. ನನ್ನ ಉಯಿಲು ನೀವು ಬರೆಯೋದು ಬೇಡ.”

ದೊಡ್ಡಪ್ಪ ಚಹಾ ಮುಟ್ಟದೆ ಎದ್ದು ಹೋದರು. ಮರಿ ಕತ್ತರಿಸುತ್ತಿದ್ದ ಗಾಜನ್ನು ಬಿಟ್ಟು ತಿರುಗಿ ನೋಡಿದಳು. ಅಮ್ಮ ಮಾತ್ರ, “ಆ ಚಹಾ ಇಲ್ಲಿ ಕೊಡು, ಆರಿಹೋಗುತ್ತೆ,” ಎಂದರು.

ವಕೀಲೆಯ ಕಚೇರಿ ಇದ್ದದ್ದು ಹಲ್ಲಿನ ಡಾಕ್ಟರ ಚಿಕಿತ್ಸಾಲಯದ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಸಣ್ಣಗೆ ಬರುತ್ತಿತ್ತು. ವಕೀಲೆ ಕೇಳಿದರು: “ಅಂಗಡಿ ಯಾರಿಗಮ್ಮ?”

“ಇಗೋ, ನಮ್ಮ ಮರಿಗೆ.”

“ಕಾಗದಕ್ಕೆ ಮರಿ ಅಂದ್ರೆ ಬೆಕ್ಕಿನ ಮರಿಯೂ ಆಗಬಹುದು. ಪೂರ್ತಿ ಹೆಸರು ಹೇಳಿ.”

ಅಮ್ಮ ಮರಿಯ ಕಡೆ ತಿರುಗಿದರು. ಇಷ್ಟು ವರ್ಷ ಬೇಕಾಗಿರಲಿಲ್ಲ ಆ ಹೆಸರು. ಮರಿಯೇ ಹೇಳಿದಳು, ಹೇಳುವಾಗ ಯಾರೋ ಬೇರೆಯವರ ಹೆಸರು ಹೇಳಿದಂತೆನಿಸಿತು. ಹುಟ್ಟಿನ ದಾಖಲೆಯಲ್ಲಿ ಅದು ಒಂದು ರೀತಿ, ಶಾಲೆಯ ಪತ್ರದಲ್ಲಿ ಇನ್ನೊಂದು ರೀತಿ ಇತ್ತು. ವಕೀಲೆ ಎರಡನ್ನೂ ಬರೆದುಕೊಂಡರು, “ಮರಿ ಎಂದೂ ಕರೆಯಲ್ಪಡುವ” ಎಂಬುದನ್ನೂ ಸೇರಿಸಿದರು. ಆಮೇಲೆ, “ನೀವು ಸ್ವಲ್ಪ ಕೆಳಗೆ ಕೂತಿರಿ. ಲಾಭ ಆಗೋರು ಪಕ್ಕದಲ್ಲಿ ಕೂತು ಬರೆಸಿದ್ರು ಅನ್ನೋ ಮಾತು ನಾಳೆ ಬರಬಾರದು,” ಎಂದರು.

ಮರಿ ಹಲ್ಲುನೋವಿನವರ ಜೊತೆ ಬೆಂಚಿನ ಮೇಲೆ ಕೂತಳು. ಅಮ್ಮ ಇಳಿದು ಬಂದಾಗ ಪರೀಕ್ಷೆ ಬರೆದ ಹುಡುಗಿಯ ಹಾಗಿದ್ದರು. “ಏನೇನು ಕೇಳ್ತಾಳೆ ಗೊತ್ತಾ ಆಕೆ?” ಎಂದು ದಾರಿಯುದ್ದಕ್ಕೂ ಹೇಳಿದರು. “ಅಂಗಡಿ ಅಂದ್ರೆ ಗೋಡೆ ಮಾತ್ರವಾ, ಒಳಗಿನ ಯಂತ್ರ, ಮರ, ಗಾಜೂ ಸೇರಿಯಾ ಅಂತೆ. ನಾಲ್ಕು ದಿಕ್ಕಿಗೆ ಯಾರ್ಯಾರ ಗೋಡೆ ಇದೆ ಅಂತೆ. ನನಗಿಂತ ಮೊದಲು ನೀನೇ ಹೋಗಿಬಿಟ್ರೆ ಯಾರಿಗೆ ಅಂತೆ. ಬಿಡ್ತು ಅನ್ನು ಅಂದೆ. ‘ಬಿಡ್ತು ಅಂದ್ರೆ ಬಿಟ್ಟುಹೋಗಲ್ಲ ಅಮ್ಮ, ಬರೆದಿಡೋಣ’ ಅಂದ್ಲು. ನಾನು ಹೇಳೋಕೆ ಮರೆತ ಚೂರುಪಾರು ಯಾರಿಗೆ ಅಂತ ಕೂಡ ಬರೆಸಿದ್ಲು. ಮಕ್ಕಳಿಬ್ಬರಿಗೆ ಯಾಕೆ ಅಂಗಡಿ ಕೊಡ್ತಿಲ್ಲ ಅನ್ನೋದನ್ನ ನನ್ನ ಮಾತಲ್ಲೇ ಹೇಳಿಸಿದ್ಲು.” ಅಂಗಡಿಯ ಬೀದಿಗೆ ತಿರುಗುವಾಗ, “ನಿಮ್ಮಪ್ಪನಿಗೆ ಯಾರೂ ಇಷ್ಟು ಕೇಳಲಿಲ್ಲವಲ್ಲೇ,” ಎಂದರು.

ಕರಡು ಬಂದಾಗ ಅಮ್ಮ ಮೂರು ಕಡೆ ತಿದ್ದಿಸಿದರು. ರುಜುವಿನ ದಿನ ಅವರ ಬುದ್ಧಿ ಸ್ಥಿಮಿತದಲ್ಲಿದೆಯೆಂದು ವೈದ್ಯರ ಪತ್ರ ಬಂತು. ಸಾಕ್ಷಿಗೆ ಬಳಗದವರು ಯಾರೂ ಬೇಡವೆಂದು ವಕೀಲೆ ಕೆಳಗಿನ ಹಲ್ಲಿನ ಡಾಕ್ಟರನ್ನೂ ಪಕ್ಕದ ಕಚೇರಿಯ ನಕ್ಷೆಗಾರರನ್ನೂ ಕರೆಸಿದರು. ಅಮ್ಮ ರುಜು ಹಾಕುವುದನ್ನು ಇಬ್ಬರೂ ಕಣ್ಣಾರೆ ನೋಡಿ, ಆಮೇಲೆ ತಮ್ಮ ರುಜು ಹಾಕಿದರು.

ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ಮಗನನ್ನೂ ಮಗಳನ್ನೂ ಒಂದೇ ಕೋಣೆಗೆ ಕರೆಸಿ, ಇಬ್ಬರ ಮುಂದೆ ತಾವೇ ಓದಿದರು. “ನಾನು ಸತ್ತ ಮೇಲೆ ಆಶ್ಚರ್ಯ ಬೇಡ. ಸಿಟ್ಟು ಬಂದ್ರೆ ನಾನಿರುವಾಗಲೇ ಬರಲಿ, ಸಮಾಧಾನ ಮಾಡ್ತೀನಿ.” ಅಕ್ಕ ಗೋಡೆ ನೋಡುತ್ತಾ ಕೂತಳು. ಅಣ್ಣ ಎದ್ದು, “ನೋಡೋಣ, ಇದು ಎಷ್ಟು ಗಟ್ಟಿ ಇದೆ ಅಂತ,” ಎಂದು ಹೊರಟುಹೋದ.

ಆ ಚಳಿಗಾಲದಲ್ಲಿ ಅಮ್ಮನಿಗೆ ನ್ಯುಮೋನಿಯಾ ಹಿಡಿಯಿತು. ಬಳಗ ಪಿಸುಗುಟ್ಟಿತು. ದೊಡ್ಡಪ್ಪ ಆಸ್ಪತ್ರೆಯ ಬಾಗಿಲಲ್ಲಿ ನಿಂತು, “ನಾನು ಹೇಳಿರಲಿಲ್ವಾ?” ಎಂದರು. ಮರಿಗೂ ಒಂದು ಗಳಿಗೆ ಭಯವಾಯಿತು. ನನಗೋಸ್ಕರ ಬರೆಸಿ ಅಮ್ಮ ಹೋಗಿಬಿಡುತ್ತಾರೇನೋ ಎಂದು ಮಂಚದ ಕಂಬಿ ಬಿಗಿಯಾಗಿ ಹಿಡಿದು ಕೂತಳು. ಅಮ್ಮನ ಜ್ವರ ಇಳಿಯಿತು. ಎದ್ದು ಕೂತು ಬ್ರೆಡ್ಡು ಕೇಳಿ ತಿಂದರು. “ನಿಮ್ಮ ದೊಡ್ಡಪ್ಪಂಗೆ ಹೇಳು,” ಎಂದರು. “ಸಾವು ಬಂದಿತ್ತು, ಕಾಗದ ಸರಿಯಾಗಿದೆ ಅಂತ ನೋಡ್ಕೊಂಡು ವಾಪಸ್ ಹೋಯ್ತು ಅಂತ.”

ಆ ಮಾತು ಬಳಗದ ಮನೆಮನೆಗೂ ಹೋಯಿತು. ಅಮ್ಮ ಮತ್ತೊಂದು ಚಳಿಗಾಲ ಕಂಡರು, ಇನ್ನೊಂದನ್ನು ಕಂಡರು, ಅಂಗಡಿಯ ಗಲ್ಲಾದ ಹಿಂದೆ ಕೂತು ಬಂದವರಿಗೆಲ್ಲ ಬುದ್ಧಿ ಹೇಳತೊಡಗಿದರು. ಹೀಗಿರುವಾಗ ಬಳಗದಲ್ಲಿ ಇದ್ದಕ್ಕಿದ್ದಂತೆ ಹಲ್ಲುನೋವು ಹೆಚ್ಚಾಯಿತು. ಚಿಕ್ಕಪ್ಪನಿಗೆ ದವಡೆ, ಅತ್ತಿಗೆಗೆ ಒಸಡು. ಎಲ್ಲರೂ ಆ ಕಟ್ಟಡದ ಕಡೆಗೇ. ಹಲ್ಲಿನ ಡಾಕ್ಟರು ಮಾತ್ರ, “ನಿಮ್ಮವರೆಲ್ಲ ನನ್ನ ಬಾಗಿಲು ದಾಟಿ ಮೇಲೆ ಹೋಗ್ತಾರಲ್ಲಮ್ಮ,” ಎಂದು ಮರಿಯ ಹತ್ತಿರ ನಕ್ಕರು. ಒಂದು ಮಧ್ಯಾಹ್ನ ದೊಡ್ಡಪ್ಪ ಕೆನ್ನೆ ಹಿಡಿದುಕೊಂಡು ಆ ಮೆಟ್ಟಿಲು ಹತ್ತುವುದನ್ನು ಮರಿ ಕಂಡಳು. ದೊಡ್ಡಪ್ಪನ ಬಾಯಲ್ಲಿದ್ದವೆಲ್ಲ ಕಟ್ಟಿಸಿದ ಹಲ್ಲು. ಅವಳು ಯಾರಿಗೂ ಹೇಳಲಿಲ್ಲ, ಅಮ್ಮನಿಗೆ ಮಾತ್ರ ಹೇಳಿದಳು. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಮ್ಮ ತೀರಿಕೊಂಡದ್ದು ತುಂಬಿದ ವಯಸ್ಸಿನಲ್ಲಿ, ನಿದ್ದೆಯಲ್ಲಿ. ಮರಿ ಅವರ ಫೋಟೋಗೆ ತಾನೇ ಪಟ್ಟಿ ಆರಿಸಿ, ತಾನೇ ಗಾಜು ಕತ್ತರಿಸಿದಳು. ಗಾಜು ಸರಿಯಾಗಿ ಕೂತಿತು.

ವಕೀಲೆ ಉಯಿಲನ್ನು ತೆರೆದು ಓದಿ ಮುಗಿಸಲು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಅಣ್ಣ ಪ್ರತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಟುಹೋದ. ಮರಿ ಆ ವಾರವೆಲ್ಲ ಶಟರು ಎತ್ತುವಾಗ ಎಲ್ಲಿ ಮತ್ತೆ ಮೊಹರು ಬೀಳುತ್ತದೋ ಎಂದು ಬೀದಿಯ ತುದಿ ನೋಡುತ್ತಿದ್ದಳು.

ಮೊಹರು ಬರಲಿಲ್ಲ. ಅಣ್ಣ ಬಂದ. ಗ್ರಾಹಕರ ಸ್ಟೂಲಿನ ಮೇಲೆ ಕೂತು, ಆ ಪ್ರತಿಯನ್ನು ಮೇಜಿನ ಮೇಲಿಟ್ಟ.

“ನನ್ನ ವಕೀಲರ ಹತ್ರ ತಗೊಂಡು ಹೋಗಿದ್ದೆ,” ಎಂದ. “ಅದೇ ವಕೀಲರು, ಅವತ್ತು ದೊಡ್ಡಪ್ಪನ್ನ ಕಟಕಟೆಯಲ್ಲಿ ನಿಲ್ಲಿಸಿ ಎಲ್ಲರನ್ನೂ ನಗಿಸಿದ್ರಲ್ಲ. ಎರಡು ಸಲ ಓದಿದ್ರು. ವಾಪಸ್ ಕೊಟ್ರು. ‘ಇದರಲ್ಲಿ ಉಗುರು ತೂರಿಸೋಕೂ ಸಂದಿಲ್ಲ, ಮನೆಗೆ ಹೋಗಿ’ ಅಂದ್ರು.”

ಮರಿ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟಳು.

“ಮನೆಗೆ ಹೋಗಿ ನಾನೂ ಓದಿದೆ. ಅವತ್ತು ಅಮ್ಮ ಓದ್ದಾಗ ಸಿಟ್ಟಲ್ಲಿ ಕಿವಿಗೇ ಹಾಕ್ಕೊಂಡಿರಲಿಲ್ಲ.” ಅವನು ಬೆರಳಿಟ್ಟು ಒಂದು ಸಾಲು ತೋರಿಸಿದ. ಅಲ್ಲಿ ಅಮ್ಮನ ಮಾತೇ ಇತ್ತು: ನನ್ನ ಮಗನೂ ಮಗಳೂ ತಂದೆಯನ್ನು ತಮ್ಮ ಕೈಲಾದಂತೆ ನೋಡಿಕೊಂಡರು, ಅದರಲ್ಲಿ ನನಗೆ ಅನುಮಾನವಿಲ್ಲ, ಅವರಿಗೆ ತಂದೆಯ ಮನೆ ಬಂದಿದೆ, ಅಂಗಡಿಯನ್ನು ಈ ಮಗಳಿಗೆ ಕೊಡುವುದು ಅವಳು ಅದನ್ನು ನಡೆಸಿದವಳಾದ್ದರಿಂದ, ಮತ್ತು ಅವಳ ತಂದೆ ಬಾಯಲ್ಲಿ ಹೇಳಿದ್ದು ಕಾಗದಕ್ಕೆ ಬಾರದೆ ಹೋದದ್ದರಿಂದ.

“ನಾನೂ ನೋಡಿಕೊಂಡೆ ಅಂತ ಯಾರೂ ಒಪ್ಪಿರಲಿಲ್ಲ ಮರಿ. ಇಷ್ಟು ವರ್ಷ ಅದಕ್ಕೇ ಹೊಡೆದಾಡಿದ್ದು ನಾನು. ಅಮ್ಮ ಬರೆಸಿಟ್ಟಿದ್ದಾಳೆ ನೋಡು. ಅಕ್ಕನ್ನೂ ಸೇರಿಸಿ.”

“ಅಕ್ಕಂಗೆ ಹೇಳಿದ್ಯಾ ಅಣ್ಣ?”

ಅಣ್ಣ ಗಾಜಿನ ಚೂರುಗಳನ್ನು ಬೆರಳಿಂದ ಒಂದು ಕಡೆಗೆ ಸರಿಸುತ್ತಾ ಕೂತಿದ್ದವನು, ಕೊನೆಗೆ ಫೋನು ತೆಗೆದ. ಆ ನಂಬರು ಅವನಿಗೆ ಹುಡುಕದೆ ಸಿಕ್ಕಿತು. ಆ ಕಡೆ ರಿಂಗಾಗುವುದು ಮರಿಗೂ ಕೇಳಿಸುತ್ತಿತ್ತು. ಯಾರೋ ಎತ್ತಿದರು.

“ಅಕ್ಕ,” ಎಂದ ಅಣ್ಣ. “ನಾನು.”

ಬಾಗಿಲಲ್ಲಿ ಒಬ್ಬ ಮುದುಕ ಕಾಗದದಲ್ಲಿ ಸುತ್ತಿದ ಫೋಟೋ ಹಿಡಿದು ನಿಂತಿದ್ದ. ಮರಿ ಎದ್ದು ಹೋಗಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. “ಒಳಗೆ ಬನ್ನಿ ಅಜ್ಜ, ಕೂತ್ಕೊಳ್ಳಿ,” ಎಂದಳು. “ಇದು ನನ್ನ ಅಂಗಡಿ.”